ಇಳಿದ ಬಣ್ಣ

ಸಿದ್ದಾಪುರದಲ್ಲಿ ಯಾರಾದರೂ ಬಂದು ಬಿಳಿ ಹೊಡಿ ಅಂದರೆ
ಯಾವ ಬಿಳಿ ಅಂತ ಕೇಳುತ್ತೇನೆ.
ನಗುತ್ತಾರೆ.
ಹತ್ತು ವರ್ಷ ಬಿಸಿಲು ಕುಡಿದ ಆಲ್ಟೋದ ಬಿಳಿ
ಡಬ್ಬಿಯ ಬಿಳಿಗೆ ದೂರದ ನೆಂಟನೂ ಅಲ್ಲ.
ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ,
ಕಡ್ಡಿಯ ತುದಿಗೆ ಹತ್ತಿದಷ್ಟು ಕೆಂಪು,
ಪೆಟ್ರೋಲ್ ಮುಚ್ಚಳ ಬಿಚ್ಚಿ ಹೊರಗೆ ತಂದು
ಮೋಡದ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿಯಬೇಕು.
ಹೊಸ ಬಾಗಿಲನ್ನು ಮುದಿ ಮಾಡಿದರೇನೇ
ಗಾಡಿ ಹೊಸದರಂತೆ ಕಾಣುವುದು.

ಕಕ್ಕಡದಲ್ಲಿ ಕೆಲಸ ಅರ್ಧ. ಗಾಳಿಯೇ ಒದ್ದೆ.
ಕಂಪ್ರೆಸರಿನ ಹೊಟ್ಟೆಯಿಂದ ದಿನಕ್ಕೆರಡು ಸಲ
ಚೊಂಬು ತುಂಬ ಕಂದು ನೀರು ಬಸಿಯುತ್ತೇನೆ.
ಮರೆತ ದಿನ ಬಾನೆಟ್ಟಿನ ತುಂಬ ಮೀನಿನ ಕಣ್ಣು.
ಹದಿನೆಂಟಕ್ಕೆ ಚೋಂದಮ್ಮನವರ ಮನೆಯಿಂದ
ತೂಕುಪಾತ್ರೆಯಲ್ಲಿ ಮದ್ದು ಪಾಯಸ ಬರುತ್ತದೆ.
ಆ ನೇರಳೆಯನ್ನು ನಾಲ್ಕು ಸಲ ಕಲಸಿ ನೋಡಿ ಸೋತಿದ್ದೇನೆ,
ಯಾವ ಕಂಪನಿಯ ಶೇಡ್ ಕಾರ್ಡಿನಲ್ಲೂ ಇಲ್ಲ.
ಮರುದಿನ ಬೆಳಿಗ್ಗೆ ಶೆಡ್ಡಿನ ಹಿಂದೆ
ಗೋಡೆಗೆ ಮುಖ ಮಾಡಿ ನಿಂತಾಗ ಮಾತ್ರ
ಹತ್ತಿರ ಹತ್ತಿರ ಬರುತ್ತದೆ.

ಈ ಸಲ ಅವರದೇ ಜೀಪು.
ಆನೆ.
ಎಡಬಾಗಿಲಿಗೆ ಹಣೆಯಿಟ್ಟು ಒಂದೇ ಸಲ ಒತ್ತಿದೆ,
ಮಲಗಿದವರನ್ನು ಎಬ್ಬಿಸುವ ಹಾಗೆ.
ಒಳಗೆ ಎರಡು ಗೊಬ್ಬರದ ಚೀಲ ಬಿಟ್ಟು ಯಾರೂ ಇರಲಿಲ್ಲ.
ಟಿಂಕರ್ ಷಣ್ಮುಗಂ ಮೂರು ದಿನ ಒಳಗಿನಿಂದ ಬಡಿದು
ತಗ್ಗನ್ನು ಮೇಲೆತ್ತಿ ಬೀಡಿ ಹಚ್ಚಿದ.
ಇನ್ನು ನನ್ನದು.

ಎಂಬತ್ತರ ಕಾಗದ, ಆಮೇಲೆ ಇನ್ನೂರಿಪ್ಪತ್ತು.
ಉಜ್ಜಿದ ಹಾಗೆ ಬಣ್ಣ ಸುತ್ತುಸುತ್ತಾಗಿ ತೆರೆದುಕೊಂಡಿತು,
ಸರ್ವೆ ಆಫೀಸಿನ ನಕ್ಷೆಯಲ್ಲಿ ಗುಡ್ಡ ಬರೆದಂತೆ:
ಅಂಚಿಗೆ ನನ್ನ ಬಿಳಿ,
ಅದರೊಳಗೆ ಹಂಸಾಕ ಹೊಡೆದ ನೀಲಿ,
ಅದರೊಳಗೆ ಹುಣಸೂರಿನ ಯಾರದೋ ಕೆನೆಬಣ್ಣ,
ಮಿಲಿಟರಿ ಹಸಿರು, ರೆಡ್ ಆಕ್ಸೈಡು,
ನಡುವೆ ರೂಪಾಯಿಯಗಲ ಬರಿ ತಗಡು.

ಬಾಗಿಲು ಕಳಚಿ ಕೆಳಗಿಟ್ಟಾಗ ಕಂಡಿತು.
ಕಂಬದ ಒಳಮೈಯಲ್ಲಿ, ಕೀಲಿನ ಹಿಂದೆ,
ನನ್ನ ಗನ್ನು ಎಂದೂ ಮುಟ್ಟದ ಜಾಗದಲ್ಲಿ
ನೀಲಿ ಇಳಿದಿತ್ತು.
ಮೂರು ಧಾರೆ. ಒಂದರ ತುದಿಯಲ್ಲಿ ಹನಿ
ಇಪ್ಪತ್ತಾರು ವರ್ಷದಿಂದ ಬೀಳುತ್ತಲೇ ಇದೆ, ಬಿದ್ದಿಲ್ಲ.
ಪಕ್ಕದಲ್ಲಿ ಕೀಳಲು ಮರೆತ ಮಲಯಾಳ ಪೇಪರಿನ ಚೂರು,
ಯಾರದೋ ಮದುವೆಯ ಅರ್ಧ ಹೆಸರು.

ಹಂಸಾಕ!
ಬಣ್ಣ ಇಳಿಸಿದ್ದಕ್ಕೆ ಗನ್ನಿನ ಬುಡದಿಂದ
ನನ್ನ ಬೆರಳ ಗಂಟಿಗೆ ಕುಟ್ಟಿದವರು.
ಕೈ ನಿಂತರೆ ಬಣ್ಣ ನಡೆಯುತ್ತದೆ ಕಣೋ ಹೈವಾನ್ ಅಂತ
ಚಹಾದಂಗಡಿಯವರೆಗೂ ಕೇಳುವಂತೆ ಬೈದವರು.

ಫೋಟೋ ತೆಗೆದುಕೊಂಡು ಸಂಜೆ ನೆಲ್ಯಹುದಿಕೇರಿಗೆ ಹೋದೆ.
ಅವರಿಗೆ ವಾಸನೆ ಹೋಗಿ ಆರು ವರ್ಷ,
ಥಿನ್ನರೂ ಒಂದೇ, ನೆಯ್‌ಚೋರೂ ಒಂದೇ.
ಮುಖಕ್ಕೆ ಕರವಸ್ತ್ರ ಕಟ್ಟಿ ದುಡಿದ ಕಾಲದ ಕೆಮ್ಮು
ಮುಗಿಯುವವರೆಗೆ ಕಾದೆ.
ಪರದೆಯನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದರು.
ಮತ್ತೆ ದೊಡ್ಡದು.
ನೀಲಿ ಚೆನ್ನಾಗಿ ಉಳಿದಿದೆ, ಅಂದರು.
ಇಳಿದಿದೆ, ಅಂದೆ.
ಅದು ನಾನಲ್ಲ. ಆ ವರ್ಷದ ಮಳೆ.

ಸ್ವಲ್ಪ ಹೊತ್ತು ಬಿಟ್ಟು,
ಬಾಗಿಲು ಕೂರಿಸಿದ ಮೇಲೆ ಕಾಣುತ್ತದಾ?
ಇಲ್ಲ.
ಹಾಗಾದರೆ ಉಜ್ಜು. ಕಾಣದ ಜಾಗ ಮೊದಲು.

ಇವತ್ತು ಬೆಳಿಗ್ಗೆ ನಾನೂರರ ಕಾಗದ ನೀರಲ್ಲದ್ದಿ ಉಜ್ಜಿದೆ.
ಹನಿ ಗಟ್ಟಿ, ಬೇಗ ಬಿಡಲಿಲ್ಲ.
ಬಿಟ್ಟಾಗ ನೀಲಿ ನೀರು ಮಣಿಕಟ್ಟು ದಾಟಿ
ಮೊಣಕೈವರೆಗೆ ಇಳಿಯಿತು.