ಎಡಗಾಲಿನ ಚಪ್ಪಲಿ

ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ
ಅಶ್ವತ್ಥನ ಎಡಗಾಲಿನ ಚಪ್ಪಲಿ ಹಳ್ಳದ ಪಾಲಾಯಿತು.
ಹೊತ್ತು ಇಷ್ಟು ಖಚಿತ ಯಾಕೆಂದರೆ
ಆಗಷ್ಟೇ ಗುಡಿಬಂಡೆ ಬಸ್ಸು ಮೋರಿ ದಾಟಿತ್ತು;
ಆ ಬಸ್ಸು ಕೆಟ್ಟು ನಿಂತೀತು, ತಡವಾಗಿ ಬಾರದು.

ಚಿತ್ತೆ ಮಳೆ ಎರಡು ರಾತ್ರಿ ಸುರಿದು
ಚಿಂತಮಾನುಪಲ್ಲಿಯ ಹಳ್ಳಕ್ಕೆ
ಮೂರು ವರ್ಷದ ಮೇಲೆ ಬಾಯಿ ಬಂದಿತ್ತು.
ಒಂದರಿಂದ ಐದರವರೆಗೆ ಹದಿನಾಲ್ಕು ಮಕ್ಕಳು, ಒಬ್ಬಳೇ ನಾನು.
ಕಣ್ಣು ಕರಿಹಲಗೆ ಕಡೆ, ಕಿವಿಯೆಲ್ಲ ಕಿಟಕಿಯ ಆಚೆ.
ಎಷ್ಟು ಹೊತ್ತು ತಡೆಯಲಿ?
ನಡೀರಿ ಎಂದೆ.

ಮೊದಲು ಭಾಷೆಯ ಜಗಳ.
ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ.
ನಾನು ಹಳ್ಳ ಎಂದರೆ ಅವರು ವಂಕ.
ಏಡಿ ಎಂದರೆ, ಎಂಡ್ರಕಾಯ ಮಿಸ್, ಎಂಡ್ರಕಾಯ,
ಎಂದು ಅದರ ಬೆನ್ನು ಹಿಡಿದು ನನ್ನ ಮೂಗಿಗೇ ತಂದ ಗಂಗಾಧರ.
ಉಸುಕು ಎಂದೆ. ಇಸುಕ ಎಂದರು.
ನಾಲಗೆಯ ಮೇಲೆ ಸ್ವರ ಜಾರಿತು,
ಅಂಗಾಲ ಕೆಳಗೆ ಜಾರುತ್ತಿದ್ದದ್ದು ಒಂದೇ.

ಗೊದಮೊಟ್ಟೆಗೆ ಕಾಲು ಮೊದಲು ಹಿಂದೆ ಬರುವುದೋ ಮುಂದೆಯೋ
ಎಂದು ಎಲ್ಲರೂ ಬಾಗಿದ್ದಾಗ
ಹೋಯಿತು ಚಪ್ಪಲಿ:
ನೀಲಿ ಉಂಗುಷ್ಟ, ಅದಕ್ಕೊಂದು ಸೇಫ್ಟಿ ಪಿನ್ನು.
ಅಶ್ವತ್ಥ ಅಳಲು ಬಾಯಿ ತೆರೆದ;
ಅವನಿಗಿಂತ ಮೊದಲೇ ಮುಬೀನಾ:
"ಅದು ಎಷ್ಟೊತ್ತಿಗೆ ಆಂಧ್ರ ಸೇರ್ತದೆ ಮಿಸ್?"

ಇಂಥ ಪ್ರಶ್ನೆ ಯಾವ ಪಾಠದ ಕೊನೆಯಲ್ಲೂ ಇಲ್ಲ.
ಹಗ್ಗ ತಂದೆವು. ಬಂಡೆಯಿಂದ ಹೊಂಗೆಮರಕ್ಕೆ ಇಪ್ಪತ್ತು ಮೀಟರು.
ಎಲೆ ಬಿಟ್ಟು ಚಪ್ಪಾಳೆ ಎಣಿಸುವುದು.
ಮೊದಲ ಎಲೆ ಬೇರಿಗೆ ಸಿಕ್ಕಿತು.
ಎರಡನೆಯದನ್ನು ಒಂದನೇ ಕ್ಲಾಸಿನ ಪದ್ದಿ ಎತ್ತಿಕೊಂಡು ಓಡಿದಳು.
ಮೂರನೆಯದಕ್ಕೆ ನಲವತ್ತು ಚಪ್ಪಾಳೆ,
ಚಪ್ಪಾಳೆಗೊಂದು ಸೆಕೆಂಡು ಎಂದಿಟ್ಟುಕೊಂಡರೆ
ಗಂಟೆಗೆ ಸಾವಿರದ ಎಂಟುನೂರು ಮೀಟರು;
ಗಡಿ ಹನ್ನೆರಡು ಕಿಲೋಮೀಟರು.
ಒದ್ದೆ ಮರಳಲ್ಲಿ ಜಾಲಿಕಡ್ಡಿಯಿಂದ ಭಾಗಾಕಾರ.
ಶೇಷ ಇಳಿಸುವಷ್ಟರಲ್ಲಿ ನೀರು ಬಂದು ಭಾಜ್ಯವನ್ನು ನೆಕ್ಕಿತು;
ಮತ್ತೆ ಬರೆದೆವು.
ಸಂಜೆ ಐದು ನಲವತ್ತು.

ನಾನು ಬೀಗುತ್ತಿದ್ದೆ.
"ಇಲ್ಲ ಮಿಸ್," ಎಂದ ನಾಗಮುನಿ, ರಜೆಯಲ್ಲಿ ಕುರಿಯ ಹಿಂದೆ ಹೋಗುವವನು.
"ವಂಕ ನೆಟ್ಟಗೆ ಹೋಗಲ್ಲ. ವಂಕ ಅಂದ್ರೇನೇ ವಂಕರ.
ಬಂಡೆ ಹಿಂದೆ ಸುತ್ತಾಕ್ತದೆ,
ಜಾಲಿ ಮೆಳೇಲಿ ಮಲಗ್ತದೆ,
ಆಮೇಲೆ ಚೆಕ್ ಡ್ಯಾಮು. ಅಲ್ಲೇ ನಿಂತೋಗ್ತದೆ ನೋಡಿ."
ಅವನ ಭೂಗೋಳ ಕಾಲಿನಲ್ಲಿತ್ತು,
ನನ್ನದು ಗೋಡೆಯಲ್ಲಿ, ಮೊಳೆಗೆ.

ಸಂಜೆ ಅಶ್ವತ್ಥನ ತಾಯಿ
ರೇಷ್ಮೆಸೊಪ್ಪಿನ ಹೊರೆ ಇಳಿಸಿ ಕೇಳಿದಳು:
"ಲೆಕ್ಕ ಸರಿ ಮಿಸ್ಸಮ್ಮ. ಚಪ್ಪಲಿ?"

ಬಾಗೇಪಲ್ಲಿ ಸಂತೆಯಿಂದ ಹೊಸ ಜೊತೆ ತಂದುಕೊಟ್ಟೆ.
ಉಳಿದ ಬಲಗಾಲಿನದು
ಶಾಲೆಯ ಕಿಟಕಿಯಲ್ಲಿ ಕೂತು ಅಳತೆಗೋಲಾಯಿತು.
ಕರಿಹಲಗೆ ಹತ್ತು ಅಶ್ವತ್ಥ.
ಜಗಲಿ ನಲವತ್ತೊಂದೂವರೆ.
ಮಿಸ್ಸಿನ ಎತ್ತರ ಎಂಟಕ್ಕೆ ಚೂರು ಕಮ್ಮಿ,
ಎಂದು ಬಾಗಿಲ ಹಿಂದೆ ಯಾರೋ ಸೀಮೆಸುಣ್ಣದಲ್ಲಿ.
ಅಳಿಸಿಲ್ಲ ನಾನು.

ಸಂಕ್ರಾಂತಿ ಕಳೆದು ನೀರು ಬತ್ತಿದ ಮೇಲೆ
ಚೆಕ್ ಡ್ಯಾಮಿನವರೆಗೂ ನಡೆದೆವು.
ಬಿರುಕು ಬಿಟ್ಟ ಕೆಸರಿನಲ್ಲಿ, ನಾಗಮುನಿ ಬೊಟ್ಟು ಮಾಡಿದ ಕಡೆಯೇ,
ಒಂದು ಚಪ್ಪಲಿ. ಎಡಗಾಲಿನದೇ.
ಕೂಗು ಎದ್ದು ಗುಡ್ಡಕ್ಕೆ ಬಡಿದು ಬಂತು.
ಬಲಗಾಲಿನದನ್ನು ಪಕ್ಕಕ್ಕಿಟ್ಟರೆ
ಎರಡು ಬೆರಳು ದೊಡ್ಡದು. ಮಣ್ಣು ಒರೆಸಿದರೆ ಉಂಗುಷ್ಟ ಕೆಂಪು.
ನಮ್ಮದಲ್ಲ.

ಅಶ್ವತ್ಥ ಅದನ್ನು ಕೈಯಲ್ಲಿ ಹಿಡಿದು ನಿಂತ,
ಒಣಗಿದ ಹಳ್ಳ ಎಲ್ಲಿಂದ ಬರುತ್ತದೋ ಆ ಕಡೆ ನೋಡುತ್ತ.
"ಮಿಸ್,
ಮೇಲಿನ ಪಲ್ಲಿಯವರಿಗೆ
ಎಷ್ಟು ಚಪ್ಪಾಳೆ ಬಂದಿರ್ತದೆ?"