ಎದುವಿನಾ ಲಿಸಾರ್ದೋಗೆ ಹೇಳಿದ್ದು

ಹೊಸ ರೇಡಿಯೋ ಆಮೇಲೆ ಕೊಂಡುಕೋ.
ಮೊದಲು ತಂತಿಯನ್ನು ಎತ್ತರಕ್ಕೆ ಕಟ್ಟು,
ಚಿಲೋಯೆಯ ಗಾಳಿಗೆ ಒಂದು ಗೇಣು ಸಡಿಲ ಬಿಟ್ಟು.
ಬಿಗಿದದ್ದು ಹರಿಯುತ್ತದೆ, ದೋಣಿಯವರನ್ನು ಕೇಳು.

ಕೇಬಲ್ಲಿನ ಮೂತಿಗೆ ಟೇಪು ಸುತ್ತು,
ಅದರ ಮೇಲೆ ಇನ್ನೊಂದು ಸುತ್ತು;
ಈ ಉಪ್ಪುಗಾಳಿಗೆ ತಾಮ್ರ
ಈಸ್ಟರ್ ಬರುವಷ್ಟರಲ್ಲಿ ಕಿಲುಬು.
ಬ್ಯಾಟರಿ ಹಳೆಯದೇ ಸಾಕು.
ನನ್ನದು ಮೀನಿನ ಲಾರಿಯದು.

ಗುಂಡಿ ಒತ್ತುವ ಮುನ್ನ ಕೇಳಿಸಿಕೋ.
ಐದು ವಾಟ್ ಮುಟ್ಟುವ ಕಡೆ
ನೂರು ಯಾಕೆ?

ನೆಲ ನಡುಗಿದ ರಾತ್ರಿ
ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು.
ಆ ಗದ್ದಲದ ತಳದಲ್ಲಿ ಒಬ್ಬ,
ಸೊಳ್ಳೆಯಷ್ಟು ದನಿ,
ಬರೀ ಅಂಕಿ ಹೇಳುತ್ತಿದ್ದ.
ಹೇಳಿದ್ದನ್ನೇ ಹೇಳುತ್ತಿದ್ದ.
ಬರೆದುಕೊಂಡೆ:
ಅಕ್ಷಾಂಶ, ರೇಖಾಂಶ, ಒಂಬತ್ತು ಜನ.

ಪೆನ್ಸಿಲ್ಲೇ ಇಟ್ಟುಕೋ, ಲಿಸಾರ್ದೋ.
ಚಳಿಯಲ್ಲಿ ಪೆನ್ನು ಬರೆಯುವುದಿಲ್ಲ.