ಎರಡನೇ ಪುಟದ ಮೂಲೆ

ತೀನ್ ಕಂದಿಲ್ ಹಿಂದಿನ ಓಣಿ. ಲಾಡ್ಲೇಸಾಬನ ರದ್ದಿ ಅಂಗಡಿಗೆ
ವಿಲಾಯತಿ ಪೇಪರಿನ ಗಂಟು ಬಂದಿದೆ,
ಹಡಗಿನಿಂದ ಲಾರಿಗೆ, ಲಾರಿಯಿಂದ ತಕ್ಕಡಿಗೆ,
ಯಾರೂ ಬಿಚ್ಚದೆ ಉಳಿದ ಸುದ್ದಿ.

ಸಾಬ ಓದುವುದಿಲ್ಲ, ಅಳೆಯುತ್ತಾನೆ:
‘ಇವು ದೊಡ್ಡ ಹಾಳಿ, ಗಂಭೀರ ಮಂದಿ. ಸೀರಿ ಅಂಗಡಿಗೆ.
ಇವು ಸಣ್ಣವು, ಹಣೀಮ್ಯಾಲ ಕೆಂಪು, ಬರೇ ಬಾಯಿ. ಮಿರ್ಚಿ ಬಂಡಿಗೆ.
ಇದು ಐತವಾರದ್ದು, ಗಬ್ಬಾದ ಎಮ್ಮಿ ಇದ್ದಂಗ,
ಹೊಟ್ಟ್ಯಾಗ ಇನ್ನಾ ನಾಕು ಪೇಪರು.’

ನಾನು ಮೂವತ್ತು ವರ್ಷ ಮೊಳೆ ಜೋಡಿಸಿದವನು.
ಇಂಗ್ಲಿಷು ನನಗೆ ಕನ್ನಡಿಯೊಳಗಿನ ಭಾಷೆ,
ತಲೆಕೆಳಗೆ ಹಿಡಿದರೇ ಬೇಗ ತಿಳಿಯುತ್ತದೆ.
ಹಾಗೆ ಹಿಡಿದಾಗ ಕಂಡದ್ದು,
ಎರಡನೇ ಪುಟದ ಮೂಲೆಯಲ್ಲಿ, ಹೆಬ್ಬೆರಳಗಲ:
ನಾಲ್ಕನೇ ತಾರೀಕು ಮೊದಲ ಪುಟದಲ್ಲಿ
ಶಾಲೆಯ ಅಡುಗೆಯಾಕೆಯನ್ನು ಕಳ್ಳಿ ಎಂದಿದ್ದೆವು.
ಅಲ್ಲ. ವಿಷಾದಿಸುತ್ತೇವೆ.

ಅಲ್ಲಿ ಪತ್ರಿಕೆಗಳಿಗೊಂದು ಪಂಚಾಯ್ತಿ ಇದೆಯಂತೆ.
ನಿಯಮ ಬರೆದವರೂ ಪತ್ರಿಕೆಯವರೇ,
ಪಂಚರ ಚಹಾದ ಬಿಲ್ಲೂ ಅವರದೇ;
ಕೆಲವರು ಆ ಕಟ್ಟೆಯನ್ನೇ ಹತ್ತುವುದಿಲ್ಲವಂತೆ.
ಕೂಗಿದ್ದು ಊರಗಲ, ನುಂಗಿಕೊಂಡದ್ದು ಹೆಬ್ಬೆರಳಗಲ.
ಆದರೂ, ಅಚ್ಚಾಗಿದೆಯಲ್ಲ.

ನಮ್ಮ ವಾರಪತ್ರಿಕೆಯಲ್ಲಿ ಅಷ್ಟೂ ಆಗಲಿಲ್ಲ.
ಮಸ್ಕಿಯ ಪೈಲ್ವಾನ ಮೋನಪ್ಪ ‘ಬೆಳ್ಳಿ ಕಡಗ ಗೆದ್ದ’.
‘ಗೆ’ ಖಾನೆಗೆ ಯಾರೋ ಸುರಿದ ‘ಕ’,
ನಿದ್ದೆಗಣ್ಣಿನ ನನ್ನ ಬೆರಳು,
ಬೆಳಗಾದರೆ ‘ಬೆಳ್ಳಿ ಕಡಗ ಕದ್ದ’.
ಸಂಪಾದಕರು ನಕ್ಕರು: ‘ತಿದ್ದುಪಡಿಗೆ ಜಾಗ ಎಲ್ಲದನೋ?
ಮುಂದಿನ ವಾರ ಹತ್ತಿಬೀಜದ ಜಾಹೀರಾತು.’

ಆ ಮೂಲೆ ಹರಿದುಕೊಂಡೆ. ಸಾಬ ಕಾಸು ಕೇಳಲಿಲ್ಲ.

ಮಸ್ಕಿ. ಗರಡಿಯ ಕಟ್ಟೆ. ಮೋನಪ್ಪ,
ಕಿವಿ ಇನ್ನೂ ಹೂಕೋಸಿನಂತೆ ಮುದುಡಿದೆ, ತೋಳು ಇಳಿದಿದೆ.
ಹೇಳಿದೆ. ಎಲ್ಲ ಹೇಳಿದೆ, ಖಾನೆ, ಬೆರಳು, ನಿದ್ದೆ.
‘ನೀನೇನು ಅಂವ?’
ಬಹಳ ಹೊತ್ತು ಅಷ್ಟೇ.
ಆಮೇಲೆ ಅಂಗಿತೋಳು ಮಡಚಿದ: ಕಪ್ಪಾದ ಕಡಗ.
‘ಮಗಳ ಲಗ್ನಕ್ಕ ಮಾರಾಕ ಹೋಗಿದ್ದೆ.
ಸರಾಫ ಪೇಪರ ಓದಿದ್ದ. ಮುಟ್ಟಲಿಲ್ಲ.
ಅದಕ್ಕ ಉಳೀತು, ನೋಡು.’

ಕಿಸೆಯ ಚೂರು ನಾನು ತೆಗೆಯಲಿಲ್ಲ.
ಅದರಲ್ಲಿದ್ದದ್ದು ಬೇರೆಯವರ ವಿಷಾದ.
ತಿರುಗಿ ಬರುವ ಬಸ್ಸಿನಲ್ಲಿ
ಹೆಬ್ಬೆರಳು ಪಕ್ಕದ ಬೆರಳಿಗೆ ಒತ್ತಿ ಒತ್ತಿ
ಇಲ್ಲದ ಮೊಳೆ ಹುಡುಕುತ್ತಿತ್ತು:
ಗೆ, ಗೆ, ಗೆ.